ಪರೇಲಿನ ಹಾಫ್‌ಕಿನ್ ಸಾಹೇಬರು

ಮುಂಬಯಿಯಲ್ಲಿ ಹಾಫ್‌ಕಿನ್ ಅಂದ್ರೆ ಎಲ್ಲರಿಗೂ ಗೊತ್ತು. ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆ, ಟಾಟಾ ಆಸ್ಪತ್ರೆಗಳ ಆಸುಪಾಸಿನಲ್ಲಿರುವ, ಹಾವು ಕಡಿದರೆ ಬೇಕಾಗುವ ಔಷಧಕ್ಕೂ ಪೋಲಿಯೋ ಹನಿಗೂ ಹೆಸರಾದ ಜಾಗ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಇದೇ ಊರಿನಲ್ಲಿ ತನ್ನ ಪಕ್ಕೆಗೆ ತಾನೇ ಸೂಜಿ ಚುಚ್ಚಿಕೊಂಡವನು ಎಂಬುದು ನನ್ನ ಜೊತೆ ಕಾಮರ್ಸ್ ಓದುವವರಲ್ಲಿ ಮುಕ್ಕಾಲು ಮಂದಿಗೆ ತಿಳಿಯದು. ಅದೊಂದು ಕಂಪನಿಯ ಹೆಸರು ಅಂದುಕೊಂಡಿದ್ದಾರೆ.

ಡೆಬಿಟ್ಟು ಕ್ರೆಡಿಟ್ಟು ಬರೆಯುವವನಿಗೆ ರೋಗಾಣುಗಳ ಗೊಡವೆ ಯಾಕೆ ಎಂದು ವಾಚಕರು ಕೇಳಬಹುದು. ಏಳನೆಯ ಇಯತ್ತೆಯ ತನಕ ನಾನು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಲ್ಲವನ್ನೂ ಕನ್ನಡದಲ್ಲೇ ಬಾಯಿಪಾಠ ಮಾಡಿದ್ದೆ. ಆಮೇಲೆ ಇಂಗ್ಲಿಷ್ ಬಂತು, ಅದರ ಹಿಂದೆ ಕಾಮರ್ಸ್ ಬಂತು, ಕರುಳು ಅಲ್ಲಿಗೇ ನಿಂತಿತು. ಅದನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದ್ದು ಹಾಫ್‌ಕಿನ್ನರ ಜೀವನ. ಅವರ ಜೀವನದಲ್ಲಿ ಲೆಕ್ಕದ ಪುಸ್ತಕಕ್ಕೆ ದೊಡ್ಡ ಪಾತ್ರವಿದೆ ಎಂಬುದೂ ಒಂದು ಕಾರಣ.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಮನೆಯವರು ಯೆಹೂದಿಗಳು. ಯೆಹೂದಿ ಅಂದ ಮೇಲೆ ಆ ಕಾಲದ ರಷ್ಯದಲ್ಲಿ ಶಾಲೆಗೂ ಕಷ್ಟ, ನೌಕರಿಗೂ ಕಷ್ಟ. 1881ರಲ್ಲಿ ಒಡೆಸ್ಸಾದಲ್ಲಿ ಯೆಹೂದಿಗಳ ಮನೆಗಳ ಮೇಲೆ ದಾಳಿ ನಡೆದಾಗ ಹುಡುಗರು ಗುಂಪು ಕಟ್ಟಿಕೊಂಡು ಎದುರು ನಿಂತರು. ಅವರಲ್ಲಿ ಈತನೂ ಒಬ್ಬ. ಪೆಟ್ಟು ತಿಂದ, ಜೈಲು ಕಂಡ. ಬಿಡಿಸಿಕೊಂಡು ಬಂದವರು ಅವನ ಗುರು ಇಲ್ಯಾ ಮೆಚ್ನಿಕೋವ್. ಮುಂದೆ ಪ್ರಾಧ್ಯಾಪಕ ಹುದ್ದೆ ಬೇಕಾದರೆ ಮತ ಬದಲಿಸಬೇಕು ಎಂಬ ಮಾತು ಬಂದಾಗ ಒಲ್ಲೆ ಎಂದು ಮ್ಯೂಸಿಯಂನ ಸಣ್ಣ ಕೆಲಸದಲ್ಲೇ ಉಳಿದುಕೊಂಡ.

ಈ ಮೆಚ್ನಿಕೋವರನ್ನು ಮರೆಯಬಾರದು. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ಹಾಕುತ್ತವೆ ಎಂದು ಕಂಡುಕೊಂಡು 1908ರಲ್ಲಿ ನೊಬೆಲ್ ಬಹುಮಾನ ಪಡೆದವರು ಅವರೇ. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿಗೆ ಒಳ್ಳೆಯದು ಎಂದು ಯುರೋಪಿನವರಿಗೆ ಹೇಳಿಕೊಟ್ಟವರೂ ಅವರೇ. ಊಟದ ಕೊನೆಗೆ ಮಜ್ಜಿಗೆ ಇಲ್ಲದೆ ಏಳದ ನಮ್ಮ ಮಂದಿಗೆ ಇದು ದೊಡ್ಡ ಸುದ್ದಿಯೇನಲ್ಲ ಬಿಡಿ. ಆದರೂ ಹೊಟ್ಟೆಯೊಳಗಿನ ಜೀವಾಣುಗಳೆಲ್ಲ ಶತ್ರುಗಳಲ್ಲ ಎಂದು ಆ ಕಾಲದಲ್ಲಿ ಹೇಳುವುದಕ್ಕೆ ಧೈರ್ಯ ಬೇಕಿತ್ತು.

ಗುರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಶಿಷ್ಯ 1888ರಲ್ಲಿ ಜಿನೀವಾಕ್ಕೆ ಹೋಗಿ, ಮರುವರ್ಷ ಗುರುವಿನ ಹಿಂದೆಯೇ ಪ್ಯಾರಿಸ್ಸಿಗೆ ಬಂದ. ಅಲ್ಲಿ ಸಿಕ್ಕ ಕೆಲಸ ಲೈಬ್ರರಿಯಲ್ಲಿ ಸಹಾಯಕನದು. ಪುಸ್ತಕ ಜೋಡಿಸುವುದು ಮುಗಿದ ಮೇಲೆ ಪ್ರಯೋಗಶಾಲೆಯಲ್ಲಿ ಕಾಲರಾ ರೋಗಾಣುವಿನ ಜೊತೆ ಗುದ್ದಾಟ. ಆ ರೋಗಾಣುವನ್ನು ಗಿನಿಪಿಗ್‌ಗಳ ಹೊಟ್ಟೆಯ ಪೊರೆಯೊಳಗೆ ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗಿ ಅದರ ಶಕ್ತಿಯನ್ನು ಏರಿಸಿದ. ಮತ್ತೊಂದು ತಳಿಯನ್ನು ಬೆಚ್ಚಗಿನ ಗಾಳಿಯಲ್ಲಿ ಬೆಳೆಸಿ ಶಕ್ತಿಗುಂದಿಸಿದ. ಮೊದಲು ದುರ್ಬಲವಾದದ್ದನ್ನು ಚುಚ್ಚುವುದು, ಕೆಲವು ದಿನ ಬಿಟ್ಟು ಪ್ರಬಲವಾದದ್ದನ್ನು ಚುಚ್ಚುವುದು ಅವನ ಉಪಾಯ. 1892ರ ಜುಲೈ 18ರಂದು ಮೊದಲು ಚುಚ್ಚಿದ್ದು ತನಗೇ. ಜ್ವರ ಬಂತು, ಇಳಿಯಿತು. ನಂತರ ಮೂವರು ರಷ್ಯನ್ ಗೆಳೆಯರು ಮುಂದೆ ಬಂದರು.

ಕಾಲರಾ ಇದ್ದಲ್ಲಿಗೆ ಹೋಗಬೇಕಲ್ಲ? 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತೆಯಲ್ಲಿ ಇಳಿದರು. (ಇಲ್ಲಿಂದ ಅವರಿಗೆ ಬಹುವಚನ. ಮೂವತ್ಮೂರು ವರ್ಷ ತುಂಬಿದ್ದು ಮಾತ್ರವಲ್ಲ, ಮಾಡಿದ ಕೆಲಸವೂ ಅಂಥದ್ದು.) ಮುಂದಿನ ಎರಡು ವರ್ಷದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಚುಚ್ಚಿದರು. ಒತ್ತಾಯವಿಲ್ಲ, ಬೇಕಾದವರಿಗೆ ಮಾತ್ರ.

ನನಗೆ ಬಹಳ ಹಿಡಿಸಿದ್ದು ಅವರ ಲೆಕ್ಕ ಇಡುವ ಕ್ರಮ. 1894ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಕಟ್ಟಲ್ ಬಾಗಾನ್ ಎಂಬ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಅಲ್ಲಿದ್ದದ್ದು ಸುಮಾರು 200 ಜನ. 116 ಮಂದಿ ಚುಚ್ಚಿಸಿಕೊಂಡರು, ಉಳಿದವರು ಬೇಡವೆಂದರು. ಆಮೇಲೆ ಅದೇ ಬಸ್ತಿಯಲ್ಲಿ 10 ಮಂದಿಗೆ ಕಾಲರಾ ಬಂತು, 7 ಮಂದಿ ಸತ್ತರು. ಹತ್ತು ಮಂದಿಯೂ ಚುಚ್ಚಿಸಿಕೊಳ್ಳದವರು. ಎರಡು ಗುಂಪೂ ಒಂದೇ ಬಸ್ತಿಯ ನೀರು ಕುಡಿದು, ಒಂದೇ ಬಸ್ತಿಯ ಗಾಳಿ ಉಂಡವರು. ಹೀಗೆ ಎರಡು ಕಾಲಮ್ಮು ಮಾಡಿ ಹೋಲಿಸಬೇಕು, ಇಲ್ಲದಿದ್ದರೆ ಲಸಿಕೆಯ ಗುಣ ಯಾವುದು, ದೇವರ ದಯೆ ಯಾವುದು ಎಂದು ತಿಳಿಯುವುದಿಲ್ಲ ಎಂಬುದು ಅವರ ಹಟ. ಆ ಕಾಲಕ್ಕೆ ಇದು ಹೊಸದು.

ಅಷ್ಟಾದರೂ ಆ ಲಸಿಕೆಯಲ್ಲಿ ಒಂದು ಕೊರತೆ ಇತ್ತು. ಒಂದಷ್ಟು ತಿಂಗಳು ಕೆಲಸ ಮಾಡಿ ಅದರ ಶಕ್ತಿ ಕುಗ್ಗಿಬಿಡುತ್ತಿತ್ತು. ಚುಚ್ಚಿಸಿಕೊಂಡವರಲ್ಲೂ ಕೆಲವರಿಗೆ ಕಾಲರಾ ಬರುತ್ತಿತ್ತು. ಯಾಕೆ ಹಾಗೆ ಎಂಬುದಕ್ಕೆ ಉತ್ತರ ಅವರ ಜೀವಮಾನದಲ್ಲಿ ಪೂರ್ತಿಯಾಗಿ ಸಿಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಮಲೇರಿಯಾ ಹಿಡಿದು 1895ರಲ್ಲಿ ಅವರು ವಿಲಾಯತಿಗೆ ಹೋದರು. 1896ರಲ್ಲಿ ತಿರುಗಿ ಬರುವ ಹೊತ್ತಿಗೆ ಮುಂಬಯಿಯ ಸರದಿ ಬಂದಿತ್ತು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಗಲ್ಲಿಯೊಂದರಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಾಸ್ ಎಂಬ ಗೋವೆಯ ಮೂಲದವರು ರೋಗಿಯನ್ನು ನೋಡಿ ಇದು ಪ್ಲೇಗು ಎಂದು ಹೇಳಿದರು. ಎಂಟು ಲಕ್ಷ ಚಿಲ್ಲರೆ ಜನರ ಊರು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಮಂದಿ ಗಂಟುಮೂಟೆ ಕಟ್ಟಿ ಓಡಿಹೋದರು. ಅಕ್ಟೋಬರಿನಲ್ಲಿ ಹಾಫ್‌ಕಿನ್ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಕೆಲವು ಜವಾನರನ್ನು ಇಟ್ಟುಕೊಂಡು ಕೆಲಸ ಶುರು ಮಾಡಿದರು. ಪ್ಲೇಗಿನ ರೋಗಾಣು ಬೆಳೆಸಲು ಮಾಂಸದ ಸಾರು ಬೇಕು. ದನದ್ದಾದರೆ ಹಿಂದೂಗಳು ಒಪ್ಪರು, ಹಂದಿಯದಾದರೆ ಮುಸಲ್ಮಾನರು ಒಪ್ಪರು, ಹಾಗಾಗಿ ಆಡಿನ ಮಾಂಸ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅದಕ್ಕೆ ಕಚ್ಚಿಕೊಂಡು ಕೆಳಕ್ಕೆ ಎಳೆ ಎಳೆಯಾಗಿ ಇಳಿಯುತ್ತವೆ. ಕೊನೆಗೆ ಕಾಯಿಸಿ ಕೊಂದರೆ ಲಸಿಕೆ ತಯಾರು. 1897ರ ಜನವರಿ 10ರಂದು ಮತ್ತೆ ತಮಗೇ ಚುಚ್ಚಿಕೊಂಡರು, ಅದೂ ಬೇರೆಯವರಿಗೆ ಕೊಡುವುದಕ್ಕಿಂತ ದೊಡ್ಡ ಪ್ರಮಾಣದಲ್ಲಿ. ತಿಂಗಳ ಕೊನೆಗೆ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ ಒಪ್ಪಿದ ಕೈದಿಗಳಿಗೆ ಚುಚ್ಚಿ ಅಲ್ಲಿಯೂ ಎರಡು ಕಾಲಮ್ಮಿನ ಲೆಕ್ಕ ಇಟ್ಟರು. ಖೋಜಾ ಸಮಾಜದ ಆಗಾ ಖಾನರು ಎಲ್ಲರ ಮುಂದೆ ತಾವೇ ಚುಚ್ಚಿಸಿಕೊಂಡದ್ದರಿಂದ ಅವರ ಜನ ಸಾವಿರಗಟ್ಟಲೆ ಮುಂದೆ ಬಂದರು. 1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆ ಅವರ ಪ್ರಯೋಗಶಾಲೆಯಾಯಿತು.

ನಮ್ಮ ಕಡೆಗೂ ಪ್ಲೇಗು ರೈಲು ಹತ್ತಿಯೇ ಬಂತು. ನಮ್ಮ ಹಿರಿಯರದು ಧಾರವಾಡ ಜಿಲ್ಲೆ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಗಳು ನಮ್ಮ ಮನೆಯಲ್ಲಿ ಈಗಲೂ ಇವೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಹಾಫ್‌ಕಿನ್ನರ ಲಸಿಕೆ ಚುಚ್ಚಿದರು. ಇಡೀ ಊರಿಗೆ ಊರೇ ಸೂಜಿಗೆ ಮೈಯೊಡ್ಡಿದ ಅಂಥ ಉದಾಹರಣೆ ಆಗಿನ ಕಾಲಕ್ಕೆ ದೇಶದಲ್ಲೇ ಅಪರೂಪ. ಹುಬ್ಬಳ್ಳಿಯವರು ಈ ಮಾತನ್ನು ಯಾಕೆ ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲವೋ ನನಗೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ಪ್ಲೇಗಿನ ಪೆಟ್ಟು ತಿಂದ ಮೇಲೆಯೇ 1898ರಲ್ಲಿ ಮುಂಬಯಿಗೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂದದ್ದು, ದಾದರ್ ಮಾಟುಂಗಾದ ಅಗಲವಾದ ರಸ್ತೆಗಳು ಹುಟ್ಟಿದ್ದು. ಮಾಟುಂಗಾದಲ್ಲಿ ಕಾಫಿ ಕುಡಿಯುವ ಕನ್ನಡಿಗರೆಲ್ಲ ಆ ಇಲಿಗಳಿಗೂ ಸ್ವಲ್ಪ ಋಣಿಗಳೇ.

ಇನ್ನು ಆ ಒಂದು ಸೀಸೆಯ ಕಥೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಪಾಕಿಸ್ತಾನದಲ್ಲಿದೆ) 107 ಮಂದಿಗೆ ಪ್ಲೇಗಿನ ಲಸಿಕೆ ಚುಚ್ಚಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಚುಚ್ಚಿದ್ದು 53-ಎನ್ ಎಂಬ ನಂಬರಿನ ಒಂದೇ ಸೀಸೆಯಿಂದ. ಉಳಿದ ಸೀಸೆಗಳವರಿಗೆ ಏನೂ ಆಗಲಿಲ್ಲ. ವಿಚಾರಣಾ ಮಂಡಳಿ ಕೂತಿತು. ಪರೇಲಿನಲ್ಲಿ ಹೊಸ ಕ್ರಮದಿಂದ ಲಸಿಕೆ ಮಾಡುವಾಗ ಕಾರ್ಬಾಲಿಕ್ ಆಸಿಡ್ ಹಾಕುವುದನ್ನು ಹಾಫ್‌ಕಿನ್ ಬಿಟ್ಟಿದ್ದರು. ಕಾಯಿಸಿ ಶುದ್ಧಮಾಡಿದರೆ ಸಾಕು ಎಂಬ ಪಾಶ್ಚರ್ ಸಂಸ್ಥೆಯ ಪದ್ಧತಿ ಅದು. ಮಂಡಳಿಗೆ ಅದೇ ಸಿಕ್ಕಿತು. ಸೀಸೆ ಕೆಟ್ಟದ್ದು ಪ್ರಯೋಗಶಾಲೆಯಲ್ಲೇ ಎಂದು ತೀರ್ಪಾಯಿತು. ಹಾಫ್‌ಕಿನ್ ಕೆಲಸದಿಂದ ಹೊರಗಾದರು.

ಆದರೆ ಹಳ್ಳಿಯಲ್ಲಿ ಅಂದು ನಡೆದದ್ದು ಬೇರೆ. ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಹಾಗೇ ಉಪಯೋಗಿಸಿದ್ದರು. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ. ಪರೇಲಿನಿಂದಲೇ ಕೆಟ್ಟು ಬಂದಿದ್ದರೆ ಇಷ್ಟು ದಿನದಲ್ಲಿ ಸೀಸೆ ದುರ್ನಾತ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ. ನಾವು ಆಡಿಟಿಂಗ್ ಪಾಠದಲ್ಲಿ ಓದುವುದು ಇದನ್ನೇ: ತಪ್ಪು ಎಲ್ಲಿ ನುಸುಳಿತು ಎಂದು ತಿಳಿಯಬೇಕಾದರೆ ಮಾಲು ಹೊರಟಲ್ಲಿಂದ ಮುಟ್ಟಿದಲ್ಲಿಯವರೆಗೆ ಒಂದೊಂದು ಕೈಯನ್ನೂ ನೋಡಬೇಕು. ಮಂಡಳಿ ಹೊರಟ ಕಡೆ ನೋಡಿದಷ್ಟು ಗಟ್ಟಿಯಾಗಿ ಮುಟ್ಟಿದ ಕಡೆ ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಫ್‌ಕಿನ್ ವಿದೇಶೀಯ, ಯೆಹೂದಿ, ಮೇಲಾಗಿ ಡಾಕ್ಟರ್ ಪದವಿ ಇಲ್ಲದವರು. ಇವು ಮೂರೂ ತಕ್ಕಡಿಯಲ್ಲಿ ಬಿದ್ದಿರಲಿಲ್ಲ ಎಂದು ನಂಬುವುದು ಕಷ್ಟ.

ಐದು ವರ್ಷ ಹೀಗೇ ಹೋಯಿತು. 1907ರ ಜುಲೈಯಲ್ಲಿ, ಮಲೇರಿಯಾ ಸೊಳ್ಳೆಯ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಸಹಿ ಹಾಕಿ ಬರೆದ ಮೇಲೆ ಸರ್ಕಾರ ಮೆತ್ತಗಾಯಿತು. ಅದೇ ವರ್ಷದ ಕೊನೆಗೆ ಅವರ ಮೇಲಿನ ಆರೋಪ ಹೋಯಿತು. ಮರಳಿ ಬಂದರು, ಆದರೆ ಪರೇಲಿಗಲ್ಲ, ಕಲ್ಕತ್ತೆಗೆ. ಅಲ್ಲಿ ಮತ್ತೆ ಹಿಡಿದದ್ದು ಕಾಲರಾವನ್ನೇ. ಈ ಸಲ ಸತ್ತ ರೋಗಾಣುವಿನ ಲಸಿಕೆ. ಮೊದಲಿನ ಭರಾಟೆ ಸಿಗಲಿಲ್ಲ. ಐವತ್ತೈದರ ಹೊತ್ತಿಗೆ ನಿವೃತ್ತರಾಗಿ ಫ್ರಾನ್ಸಿಗೆ ಹೋದರು. ಮದುವೆಯಿಲ್ಲ, ಮಕ್ಕಳಿಲ್ಲ. ಕಡೆಗಾಲದಲ್ಲಿ ತಮ್ಮ ಮತದ ಆಚಾರಗಳನ್ನು ಬಿಗಿಯಾಗಿ ನಡೆಸಿದರು, ಉಳಿಸಿದ ಹಣವನ್ನು ಪೂರ್ವ ಯುರೋಪಿನ ಯೆಹೂದಿ ಪಾಠಶಾಲೆಗಳಿಗೆ ಬರೆದರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟಾಗ ಅವರಿನ್ನೂ ಬದುಕಿದ್ದರು ಎಂಬುದೊಂದು ಸಮಾಧಾನ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು.

ಮೇಲೆ ಬಾಕಿ ಇಟ್ಟ ಪ್ರಶ್ನೆಗೆ ಈಗ ಬರೋಣ. ಕಾಲರಾ ಲಸಿಕೆ ಅರ್ಧಕ್ಕೇ ಯಾಕೆ ನಿಂತಿತು? ನಮ್ಮ ಅವ್ವ ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳುತ್ತಿದ್ದಳು. ತಂಗಿಗೆ ಕೆಲವು ಲಸಿಕೆಗೆ ಸೂಜಿ, ಪೋಲಿಯೋಕ್ಕೆ ಬಾಯಿಗೆ ಎರಡು ಹನಿ, ಯಾಕೆ ಹೀಗೆ ಅಂತ.

ಕಾಲರಾ ರೋಗಾಣು ರಕ್ತಕ್ಕೆ ಇಳಿಯುವುದೇ ಇಲ್ಲ. ಸಣ್ಣ ಕರುಳಿನ ಒಳಗೋಡೆಗೆ ಅಂಟಿ ಕುಳಿತು ವಿಷ ಬಿಡುತ್ತದೆ. (ಆ ವಿಷವನ್ನು 1959ರಲ್ಲಿ ಕಂಡುಹಿಡಿದವರು ಕಲ್ಕತ್ತೆಯ ಶಂಭುನಾಥ ಡೇ.) ವಿಷದ ದೆಸೆಯಿಂದ ಮೈಯ ನೀರೆಲ್ಲ ಕರುಳಿಗೆ ಸೋರುತ್ತದೆ, ಜೋರಾದರೆ ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು. ತೋಳಿಗೋ ಪಕ್ಕೆಗೋ ಚುಚ್ಚಿದ ಲಸಿಕೆಯಿಂದ ಪ್ರತಿಕಾಯಗಳು ಹುಟ್ಟುತ್ತವೆ, ಆದರೆ ಹೆಚ್ಚಾಗಿ ರಕ್ತದಲ್ಲಿ. ಕಳ್ಳ ಬಾಗಿಲ ಹೊರಗೆ, ಪೊಲೀಸ್ ಮನೆಯೊಳಗೆ ಅನ್ನುವ ಹಾಗೆ.

ಕರುಳಿಗೆ ತನ್ನದೇ ಕಾವಲಿದೆ ಎಂಬ ಮಾತು ಮೊದಲು ಎದ್ದದ್ದೂ ಹಾಫ್‌ಕಿನ್ನರ ಬಳಗದಿಂದಲೇ. ಅಲೆಕ್ಸಾಂಡರ್ ಬೆಸ್ರೆಡ್ಕಾ ಎಂಬವರು, ಒಡೆಸ್ಸಾದವರು, ಮೆಚ್ನಿಕೋವರ ಶಿಷ್ಯರು, ಪಾಶ್ಚರ್ ಸಂಸ್ಥೆಯವರು. ದೇಹದ ಒಂದೊಂದು ಭಾಗಕ್ಕೂ ಸ್ವಂತ ರಕ್ಷಣೆ ಇರುತ್ತದೆ, ಕರುಳಿನ ರೋಗಕ್ಕೆ ಲಸಿಕೆಯನ್ನು ಬಾಯಿಯಿಂದಲೇ ಕೊಡಬೇಕು ಎಂದು ಅವರು ವಾದಿಸಿದರು. 1922ರಲ್ಲಿ ಡೇವಿಸ್ ಎಂಬವರು ಆಮಶಂಕೆಯ ರೋಗಿಗಳ ಮಲದಲ್ಲಿ ಪ್ರತಿಕಾಯಗಳನ್ನು ಕಂಡರು, ರಕ್ತದಲ್ಲಿ ಕಾಣಿಸುವುದಕ್ಕೂ ಮೊದಲೇ! ಆಗ ಹಾಫ್‌ಕಿನ್ ಫ್ರಾನ್ಸಿನಲ್ಲೇ ಇದ್ದರು. ಆ ಪ್ರತಿಕಾಯಕ್ಕೆ ಹೆಸರು ಸಿಕ್ಕಿ ಅದರ ಗುಣ ಗೊತ್ತಾಗಲು 1960ರ ದಶಕ ಬರಬೇಕಾಯಿತು. ಅದರ ಹೆಸರು ಐಜಿಎ.

ಇದು ಕೆಲಸ ಮಾಡುವ ರೀತಿ ನಿಜಕ್ಕೂ ಮಜವಾಗಿದೆ. ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಠಾಣೆಗಳಿವೆ. ಒಳಗೆ ಹಾದುಹೋಗುವ ಜೀವಾಣುಗಳ ಮಾದರಿಯನ್ನು ಅಲ್ಲಿಗೆ ಎಳೆದುಕೊಂಡು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಪಾಠ ಕಲಿತ ಕಣಗಳು ರಕ್ತದಲ್ಲಿ ಒಂದು ಸುತ್ತು ಹೊಡೆದು ಮತ್ತೆ ಕರುಳಿನ ಗೋಡೆಗೇ ಬಂದು ಕೂರುತ್ತವೆ. ವಿಳಾಸ ಅಲ್ಲಿಯೇ ಬರೆದುಕೊಟ್ಟಿರುತ್ತದೆ. ತೋಳಿನ ಸೂಜಿಯಿಂದ ಪಾಠ ಕಲಿತ ಕಣಕ್ಕೆ ಸಾಮಾನ್ಯವಾಗಿ ಈ ವಿಳಾಸ ಗೊತ್ತಿರುವುದಿಲ್ಲ. ಹೀಗೆ ಬಂದು ಕೂತ ಕಣಗಳು ತಯಾರಿಸುವ ಐಜಿಎಯನ್ನು ಗೋಡೆಯ ಕೋಶಗಳು ಎತ್ತಿ ಆಚೆ ಲೋಳೆಗೆ ದಾಟಿಸುತ್ತವೆ, ದಾಟಿಸುವಾಗ ಜೀರ್ಣರಸದಲ್ಲಿ ಕರಗದಂತೆ ಒಂದು ಕವಚ ತೊಡಿಸಿ ಕಳಿಸುತ್ತವೆ. ದಿನಕ್ಕೆ ಕೆಲವು ಗ್ರಾಂ ತಯಾರಾಗುತ್ತದೆ. ಉಳಿದೆಲ್ಲ ಬಗೆಯ ಪ್ರತಿಕಾಯಗಳನ್ನು ಸೇರಿಸಿದರೂ ಅಷ್ಟಾಗುವುದಿಲ್ಲವಂತೆ. ಕಾಯಬೇಕಾದ ಜಾಗವೂ ಕಡಿಮೆಯಲ್ಲ. ಬಾಯಿಯಿಂದ ಕೊನೆಯ ತನಕ ಒಳಮೈ ಸುಮಾರು 30 ಚದರ ಮೀಟರ್, ಅಂದರೆ 320 ಚದರ ಅಡಿ. ಮುಂಬಯಿಯ ಭಾಷೆಯಲ್ಲಿ ಒಂದು ರೂಮ್-ಕಿಚನ್.

ಆದರೆ ನನಗೆ ಅಚ್ಚರಿಯಾದದ್ದು ಬೇರೆ. ಐಜಿಎಯ ಮುಖ್ಯ ಕೆಲಸ ಹೊಡೆದಾಟವಲ್ಲ. ರಕ್ತದ ಪ್ರತಿಕಾಯ ರೋಗಾಣುವನ್ನು ಹಿಡಿದರೆ ಬೊಬ್ಬೆ ಹಾಕಿ ಬಿಳಿ ಕಣಗಳನ್ನು ಕರೆಯುತ್ತದೆ, ಅಲ್ಲಿ ಬಾವು, ಉರಿ, ಕೆಂಪು. ಕರುಳಿನಲ್ಲಿ ಹೀಗೆ ಮಾಡಿದರೆ ನಾವು ಉಳಿಯುವುದಿಲ್ಲ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಬಾಡಿಗೆದಾರರ ಹಾಗೆ ಕಾಯಂ ವಾಸವಾಗಿವೆ, ಮೂರು ಹೊತ್ತು ಪರಕೀಯ ಅನ್ನ ಸಾರು ಬಂದು ಬೀಳುತ್ತದೆ. ಎಲ್ಲರ ಮೇಲೂ ಕೈಯೆತ್ತಿದರೆ ಕರುಳೇ ಹುಣ್ಣಾಗುತ್ತದೆ. ಅದಕ್ಕೇ ಐಜಿಎ ಒಳ್ಳೆಯ ಸೊಸೈಟಿಯ ವಾಚ್‌ಮನ್ ಇದ್ದ ಹಾಗೆ. ಹಾಲಿನವನು ಯಾರು, ಪೇಪರಿನವನು ಯಾರು ಎಂದು ಅವನಿಗೆ ಗೊತ್ತು, ಯಾರನ್ನೂ ಹೊಡೆಯುವುದಿಲ್ಲ, ಆದರೆ ಒಳಕೋಣೆಗೆ ಬಿಡುವುದೂ ಇಲ್ಲ. ಬ್ಯಾಕ್ಟೀರಿಯಾದ ಮೈಗೆ ಮೆತ್ತಿಕೊಂಡು, ಗುಂಪುಕಟ್ಟಿಸಿ, ಲೋಳೆಯಲ್ಲೇ ತಡೆದು, ಗೋಡೆ ಮುಟ್ಟದಂತೆ ಸಾಗಹಾಕುತ್ತದೆ. ಐಜಿಎ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದವು, ಕರುಳಿನಲ್ಲಿ ಮಾತ್ರವಲ್ಲ, ಇಡೀ ಮೈಯ ರಕ್ಷಣಾ ಪಡೆಯೇ ಸುಮ್ಮಸುಮ್ಮನೆ ಕೆರಳಿ ನಿಂತಿತು. ಮನುಷ್ಯರಲ್ಲೂ ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವವರಿದ್ದಾರೆ. ಬಹಳ ಮಂದಿಗೆ ಏನೂ ತೊಂದರೆ ಗೊತ್ತಾಗುವುದಿಲ್ಲ, ಇನ್ನೊಂದು ಬಗೆಯ ಪ್ರತಿಕಾಯ ಆ ಜಾಗಕ್ಕೆ ಬಂದು ನಿಲ್ಲುತ್ತದೆ. ಕೆಲವರಿಗೆ ಮಾತ್ರ ಹೊಟ್ಟೆಯ ಸೋಂಕು, ಅಲರ್ಜಿ ಮುಂತಾದವು ಬೆನ್ನು ಹತ್ತುತ್ತವೆ. ಕೂಸಿಗೆ ಸ್ವಂತ ಐಜಿಎ ತಯಾರಾಗುವ ತನಕ ತಾಯಿಯ ಹಾಲಿನಲ್ಲಿ, ಅದರಲ್ಲೂ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ, ಅದು ಬರುತ್ತದೆ. ತಾಯಿಯ ಕರುಳು ಕಂಡ ರೋಗಾಣುಗಳ ಗುರುತೆಲ್ಲ ಹಾಲಿನಲ್ಲಿ ಮಗುವಿಗೆ ಸೇರುತ್ತದೆ. ನಮ್ಮವರು ಕರುಳಬಳ್ಳಿ ಎನ್ನುವುದು ಬೇರೆ ಅರ್ಥದಲ್ಲಿ, ಇದು ಇನ್ನೊಂದು ಬಳ್ಳಿ.

ಹಾಗಾದರೆ ಕಟ್ಟಲ್ ಬಾಗಾನ್‌ನಲ್ಲಿ ಹಾಫ್‌ಕಿನ್ನರ ಸೂಜಿ ಕೆಲಸ ಮಾಡಿದ್ದು ಹೇಗೆ? ಕರುಳು ಮೊದಲೇ ಒಮ್ಮೆ ರೋಗಾಣುವನ್ನು ಕಂಡಿದ್ದರೆ, ಆಮೇಲೆ ಕೊಟ್ಟ ಸೂಜಿಯೂ ಅಲ್ಲಿಯ ಹಳೆಯ ಕಾವಲುಗಾರರನ್ನು ಎಬ್ಬಿಸಬಲ್ಲದು. ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಕಾಣದ ಕರುಳು ಎಷ್ಟಿದ್ದಾವು! ಅದೂ ಒಂದು ಕಾರಣ ಇರಬಹುದು. ಕಾಲರಾ ಕಾಣದ ದೇಶದವರಲ್ಲಿ ಸೂಜಿಯಿಂದ ಅಷ್ಟು ಉಪಯೋಗವಿಲ್ಲ. ರೋಗ ಹರಡುವುದನ್ನಂತೂ ಅದು ತಡೆಯದು ಎಂದು ಗೊತ್ತಾಗಿ, ಪ್ರಯಾಣಿಕರಿಗೆ ಕಾಲರಾ ಚುಚ್ಚುಮದ್ದಿನ ಸರ್ಟಿಫಿಕೇಟು ಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು 1973ರಲ್ಲಿ ತೆಗೆದುಹಾಕಿದರು.

ಪೋಲಿಯೋ ವೈರಸ್ಸೂ ಮೊದಲು ಬೆಳೆಯುವುದು ಗಂಟಲು ಮತ್ತು ಕರುಳಿನಲ್ಲಿ. ಸೂಜಿಯ ಲಸಿಕೆ ಮಗುವನ್ನು ಪಾರ್ಶ್ವವಾಯುವಿನಿಂದ ಕಾಯುತ್ತದೆ, ಆದರೆ ವೈರಸ್ಸು ಆ ಮಗುವಿನ ಕರುಳಲ್ಲಿ ಬೆಳೆದು ಚರಂಡಿ ಸೇರುವುದನ್ನು ತಡೆಯುವಲ್ಲಿ ಹನಿಯೇ ಮೇಲು. 1975ರಲ್ಲಿ ಸಂಸ್ಥೆಯಿಂದ ಬೇರ್ಪಟ್ಟ ಹಾಫ್‌ಕಿನ್ ಕಂಪನಿ ಪರೇಲಿನಿಂದ ಇಡೀ ದೇಶಕ್ಕೆ ಕಳಿಸಿದ್ದು ಈ ಹನಿಯನ್ನೇ. ಭಾರತದಲ್ಲಿ ಆ ವೈರಸ್ಸಿನ ನೈಸರ್ಗಿಕ ತಳಿಯ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಹೌರಾ ಜಿಲ್ಲೆಯಲ್ಲಿ ಕಂಡಿತು.

ಕಾಲರಾಕ್ಕೂ ಬಾಯಿಯ ಲಸಿಕೆ ಬಂತು. 2006ರಲ್ಲಿ ಅದರ ದೊಡ್ಡ ಪರೀಕ್ಷೆ ನಡೆದದ್ದು ಮತ್ತೆ ಕಲ್ಕತ್ತೆಯ ಬಸ್ತಿಗಳಲ್ಲೇ, ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ. ಒಳಗಿರುವುದು ಸತ್ತ ರೋಗಾಣು, ಹಾಫ್‌ಕಿನ್ ಕೊನೆಯ ವರ್ಷಗಳಲ್ಲಿ ಹಿಡಿದಿದ್ದ ದಾರಿಯದೇ. ಬೇರೆಯಾದದ್ದು ಅದು ಒಳಹೊಗುವ ಬಾಗಿಲು ಮಾತ್ರ. ಕೊಟ್ಟವರು, ಕೊಡದವರು ಎಂದು ಎರಡು ಕಾಲಮ್ಮು ಮಾಡಿ ಐದು ವರ್ಷ ಲೆಕ್ಕ ಇಟ್ಟರು. ನೂರಕ್ಕೆ 65ರಷ್ಟು ರಕ್ಷಣೆ ಸಿಕ್ಕಿತ್ತು.